ಮಲಗಿದ ಮೈಕನ್ನು ಎಬ್ಬಿಸುವ ಸವಣೂರಿನ ದಿಲ್ಶಾದ

ಸವಣೂರಿನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮುಂಗೋಣೆಯ ಮೇಜಿಗೆ ಬಾಗಿದ ದಿಲ್ಶಾದ, ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟಿನಿಂದ ಊದುಬತ್ತಿ ಕಡ್ಡಿಯ ಚೂರೊಂದನ್ನು ಚಿಮಟದಲ್ಲಿ ಎಳೆಯುತ್ತಿದ್ದಾರೆ.

"ಇದನ್ಯಾಕ ತುರುಕೀದಿ ತಂಗಿ?"

"ಮೈಕಿನ ವೈರು ಸಡ್ಲ ಆಗೇತಿ ಅಂತ ಬಿಗಿ ಮಾಡಿದ್ನಿ ಅಕ್ಕಾ," ಎನ್ನುತ್ತಾಳೆ ಮಾಲಾ.

"ಪುಣ್ಯಾ, ಹಚ್ಚಿ ಇಡ್ಲಿಲ್ಲ!"

ಮಾಲಾ ಹಿರೇಬೆಂಡಿಗೇರಿಯವಳು. ಅಜ್ಜಿ ಶೇಖವ್ವನವರನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬಂದಿದ್ದಾಳೆ. ನಾಳೆ ಹುಬ್ಬಳ್ಳಿಯಲ್ಲಿ ಅಜ್ಜಿಯ ಗಂಟಲಿನ ಆಪರೇಶನ್. ಆಮೇಲೆ ದನಿ ಉಳಿದೀತೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಅವರ ಸೋಬಾನೆ ಪದಗಳು ಇವತ್ತೇ ದಾಖಲಾಗಬೇಕು. ಸಣ್ಣಗಾದ ಆ ದನಿಯನ್ನು ಫೋನು ಹಿಡಿಯುವುದಿಲ್ಲ, ಅದಕ್ಕೇ ಮೈಕು ತಂದದ್ದು. ಅದು ಒಂದು ಪದ ಮುಗಿಯುತ್ತಲೇ ಮೂಕವಾಗುತ್ತಿದೆ.

ದಿಲ್ಶಾದರ ತಂದೆ ಪೀರಸಾಬರು ರೇಡಿಯೊ ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗಳು ಅದೇ ಮೇಜಿಗೆ ಕುಳಿತರು. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರಿನಿಂದಲೂ ಹಳೆಯ ಲ್ಯಾಪ್‌ಟಾಪುಗಳು ಬರುತ್ತವೆ. ಏದುಸಿರು ಬಿಡುವ ಆ ಯಂತ್ರಗಳಿಗೆ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿ ಓಡಿಸುವುದು ಇವರ ಕಸುಬು. ವಾರಕ್ಕೆ ನಾಲ್ಕೈದು.

"ಮೊದಮೊದ್ಲು ಬಂದವ್ರು, ಮಿಸ್ತ್ರಿ ಎಲ್ಲಿ ಅಂತಿದ್ರರಿ. ಬರ್ತಾನ, ಕುಂಡ್ರಿ ಅಂತಿದ್ದೆ. ಅವ್ರು ಚಾ ಕುಡಿಯೂದ್ರಾಗ ಕೆಲಸ ಮುಗಿಸ್ತಿದ್ದೆ."

ಪೋರ್ಟು ಸ್ವಚ್ಛವಾಗಿದೆ. ಮೌಸು ಓಡುತ್ತದೆ, ಪೆನ್‌ಡ್ರೈವ್ ತೆರೆಯುತ್ತದೆ, ಬೇರೆ ಲ್ಯಾಪ್‌ಟಾಪಿನಲ್ಲಿ ಮೈಕೂ ಸರಿಯಿದೆ. ಹಾಗಾದರೆ ದೋಷ ಎಲ್ಲಿ?

"ಬಿಡವ್ವಾ, ನನ್ನ ಪದಾ ಯಾರ್ ಕೇಳ್ತಾರ," ಎನ್ನುತ್ತಾರೆ ಶೇಖವ್ವ.

"ಬಿಡೂ ಮಾತು ಬ್ಯಾಡ ಆಯೀ. ಊರಾಗ ಹ್ಯಾಂಗ ಹಾಡ್ತೀರಿ, ಹಂಗ ಹಾಡ್ರಿ. ನಾ ನೋಡ್ತೇನಿ."

ಶೇಖವ್ವ ಒಂದು ಪದ ಹಾಡಿ ನಿಲ್ಲುತ್ತಾರೆ. ಮಾಲಾ ರೆಕಾರ್ಡಿಂಗ್ ನಿಲ್ಲಿಸುತ್ತಾಳೆ. ಅಜ್ಜಿ ಎಲೆ-ಅಡಿಕೆಯ ಚಂಚಿ ಬಿಚ್ಚಿ, ಎಲೆಯ ನಾರು ತೆಗೆದು, ಸಾವಕಾಶ ಸುಣ್ಣ ಸವರುತ್ತಾರೆ. ಎಲೆ ಹಾಕಿಕೊಳ್ಳದೆ ಮುಂದಿನ ಪದ ಎತ್ತುವ ರೂಢಿ ಅವರಿಗಿಲ್ಲ. "ಡಾಕ್ಟರ್ ತಂಬಾಕ ಬಿಡಿಸ್ಯಾನ, ಎಲಿ ಬಿಡಿಸಿಲ್ಲ," ಎಂದು ನಗುತ್ತಾರೆ. ಎರಡನೆಯ ಪದ ಎತ್ತುವ ಹೊತ್ತಿಗೆ ಮೈಕು ಸತ್ತಿದೆ.

"ಸಿಕ್ತು!" ದಿಲ್ಶಾದ ಮೇಜು ತಟ್ಟುತ್ತಾರೆ. "ನೀವು ಎಲಿ ಹಾಕೊಳ್ಳೂದ್ರಾಗ ಇದು ನಿದ್ದಿ ಹೊಡಿಯಾಕತ್ತೈತಿ."

ಸುಮ್ಮನಿರುವ ಸಾಧನವನ್ನು ಮಾಲಾಳ ಲ್ಯಾಪ್‌ಟಾಪಿನಲ್ಲಿರುವ ಲಿನಕ್ಸ್ ಬ್ಯಾಟರಿ ಉಳಿಸಲೆಂದು ಮಲಗಿಸುತ್ತದೆ. ಈ ಮೈಕು ಒಮ್ಮೆ ಮಲಗಿದರೆ ಏಳುವುದಿಲ್ಲ. ದಿಲ್ಶಾದ ಆ ಉಳಿತಾಯವನ್ನು ಬಂದ್ ಮಾಡಿ ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡುತ್ತಾರೆ. ಆ ಬದಲಾವಣೆ ಅಳಿಸಿಹೋಗಿ ಮೈಕು ಮೊದಲಿನಂತೆಯೇ ಮಲಗುತ್ತಿದೆ! ಮಾಲಾಳ ಕಣ್ಣು ತುಂಬುತ್ತದೆ. "ಅಳಬ್ಯಾಡ. ಹಟಾ ನನಗೂ ಐತಿ," ಎಂದವರೇ, ಯಂತ್ರ ಏಳುವಾಗಲೇ ಓದಿಕೊಳ್ಳುವಂತೆ ಮೈಕನ್ನು ಮಲಗಿಸಬೇಡ ಎಂಬ ಆಜ್ಞೆಯನ್ನು ಒಳಗೆ ಬರೆದಿಡುತ್ತಾರೆ.

ಗದ್ದಲ ಬರದಂತೆ ಓಣಿಯತ್ತಲಿನ ಬಾಗಿಲು ಮುಚ್ಚುತ್ತಾರೆ. ಶೇಖವ್ವ ಹಾಡುತ್ತಾರೆ, ಎಲೆ ಹಾಕಿಕೊಳ್ಳಲು ನಿಲ್ಲುತ್ತಾರೆ, ಮತ್ತೆ ಹಾಡುತ್ತಾರೆ; ಮೈಕು ಎಚ್ಚರವಾಗಿಯೇ ಇದೆ. ಮಧ್ಯಾಹ್ನ ಮಾಲಾ ಅದನ್ನೆಲ್ಲ ಕೇಳಿಸಿದಾಗ ಶೇಖವ್ವ, "ಇದು ನಮ್ಮವ್ವನ ದನಿ ಆಗೇತಲ್ಲೇ," ಎನ್ನುತ್ತಾರೆ.

ಚಿಮಟ ಒರೆಸುತ್ತಿದ್ದ ದಿಲ್ಶಾದ ತಲೆಯೆತ್ತುತ್ತಾರೆ. "ಪದಾ ಆಯೀವು, ದನಿ ಆಯೀದು. ನಡುವ ಮೈಕು ಮಲಗಲಿಲ್ಲಲ್ರಿ, ಅಷ್ಟು ನಂದು."