ಯೇವಲಾದ ಬೇವಿನ ಮರ

ಅಪ್ಪನ ಅಸ್ಥಿ ಬಿಡಲು ನಾಸಿಕ್‌ಗೆ ಹೊರಟಿದ್ದೆವು. ಔರಂಗಾಬಾದ್ ದಾಟಿದ ಮೇಲೆ ಹಳೆಯ ಜೀಪಿನ ಕ್ಲಚ್ ಜಾರತೊಡಗಿ, ಸುಟ್ಟ ವಾಸನೆ ಎದ್ದು, ಯೇವಲಾದ ಗ್ಯಾರೇಜಿನವರೆಗೆ ಹೇಗೋ ಬಂದೆವು. ಗೇರ್‌ಬಾಕ್ಸ್ ಇಳಿಸಬೇಕು, ಎಲ್ಲರೂ ಇಳಿಯಿರಿ ಎಂದ ಮಿಸ್ತ್ರಿ. ಅಸ್ಥಿ ನೆಲ ಮುಟ್ಟಬಾರದೆಂದು ಅಣ್ಣ ಅವ್ವನ ಮಡಿಲಿನ ಗಂಟನ್ನು ಗ್ಯಾರೇಜಿನ ಮುಂದಿನ ಬೇವಿನ ಕೊಂಬೆಗೆ ಕಟ್ಟಿದ.

"ಹೊತ್ತು ಮುಳುಗೂದ್ರಾಗ ಮುಟ್ಟತೀವೇನೋ?" ಅವ್ವ ಕೇಳುತ್ತಲೇ ಇದ್ದಳು.

ಹೊಸ ಕ್ಲಚ್ ಪ್ಲೇಟು ಕೂತ ಕೂಡಲೇ ಗಡಿಬಿಡಿಯಿಂದ ಹತ್ತಿದೆವು. ಅಣ್ಣ ಗೇರ್ ಬದಲಿಸಿದಾಗಲೆಲ್ಲ ಕ್ಲಚ್ಚಿನ ಸದ್ದನ್ನೇ ಆಲಿಸಿದೆವು. ಊರು ದಾಟಿದ ಮೇಲೆ ಅವ್ವ ತನ್ನ ಮಡಿಲು ನೋಡಿಕೊಂಡಳು. ಅಣ್ಣ ಜೀಪು ತಿರುಗಿಸಿದ.

ಗಂಟು ಕೊಂಬೆಯಲ್ಲೇ ಇತ್ತು. ಕೆಳಗೆ ಮಿಸ್ತ್ರಿ ಕಾಯುತ್ತ ನಿಂತಿದ್ದ. ಅದನ್ನು ಮಡಿಲಿಗೆ ತೆಗೆದುಕೊಂಡು ಅವ್ವ ಹೇಳಿದಳು: "ನಿಮ್ಮಪ್ಪಾರು ಯಾವಾಗ್ಲೂ ಹಿಂಗ. ಎಲ್ಲಾರೂ ಹತ್ತಿದ ಮ್ಯಾಲೇ ತಾವು ಹತ್ತತಿದ್ರು."