ಪೀಠಕ್ಕ ಕುಂತ ಗುಂಡು

ಶಿರಹಟ್ಟಿ ಗರಡಿಮನಿ ಎದುರಿನ ಆ ಗ್ರಾನೈಟ್ ಪೀಠದ ಮುಂದ ನಾ ಇವತ್ತಿಗೂ ನಿಂದ್ರಂಗಿಲ್ಲ. ಬಸ್ಸಿನ್ಯಾಗ ಹಾದು ಹೋಗೂಮುಂದ ಮಾರಿ ಆ ಕಡೆ ತಿರುಗಿಸಿ ಕುಂಡ್ರತೇನಿ. ನೋಡಿದ್ರ ಹೇಸಿಗಿ ಬರ್ತೈತಿ, ಖರೇನ ಹೇಳ್ತೇನಿ.

ನಂದು ಬೆಟಗೇರಿಯಾಗ ಫೋಟೋ ಸ್ಟುಡಿಯೋ. ಲಗ್ನ, ತೊಟ್ಟಿಲು, ಪಾಸ್‌ಪೋರ್ಟ್ ಸೈಜು, ಇಷ್ಟ ನನ್ನ ಹೊಟ್ಟಿಪಾಡು. ಒಂದು ವರ್ಷ ನಸೀಬ ಖುಲಾಯಿಸ್ತು. ಹಳೇ ಆಟ, ಹಬ್ಬ, ಕೈಕಸಬು ಇವುಗಳ ಫೋಟೋ ತಗಿಯಾಕ ಒಂದು ಸಂಸ್ಥೆಯವರು ನನ್ನ ಯುರೋಪಿಗೆ ಕರದ್ರು. ಚಳಿಗಾಲ ಪೂರ್ತಿ ತಿರಗಿದೆ. ಕಟಗಿ ಬೂಟು ಕೆತ್ತೋ ಮುದುಕರನ್ನ ತಗದೆ, ಮೈತುಂಬ ಹುಲ್ಲು ಸುತ್ಕೊಂಡು ಕುಣಿಯೋ ಮಂದೀನ ತಗದೆ. ಸ್ಪೇನಿನ ಒಂದು ಗುಡ್ಡದ ಊರಾಗ ಓಣಿ ನಡುವ ಒಬ್ಬಾಂವ ಸೊಂಟಕ್ಕ ಪಟ್ಟಿ ಬಿಗದು ಗುಂಡಗಲ್ಲು ಹೆಗಲಿಗೆ ಏರಸಾಕತ್ತಿದ್ದ. ನಮ್ಮ ಶಿರಹಟ್ಟಿ ಗರಡಿಮನಿ ಗುಂಡು ಇಲ್ಲಿಗೆ ಹೆಂಗ ಬಂತಲೇ ಅಂತ ನಿಂತುಬಿಟ್ಟೆ. ಆಟ ಮುಗದ ಮ್ಯಾಲ ಅವರು ಕಲ್ಲನ್ನ ಚೌಕದಾಗಿನ ಕಟ್ಟಿ ಮ್ಯಾಲ ಇಟ್ರು. ಅದನ್ನೂ ತಗದೆ.

ತಿರುಗಿ ಬಂದು ಗದಗಿನ್ಯಾಗ ಪ್ರದರ್ಶನ ಇಟ್ಟೆ. ಶಿರಹಟ್ಟಿಯ ಒಂದು ಪರಂಪರೆ ಸಮಿತಿಯ ಅಧ್ಯಕ್ಷರು ಆ ಕಟ್ಟಿ ಫೋಟೋದ ಮುಂದ ನಿಂತು, "ನೋಡ್ರಿ, ಕಲ್ಲಿಗೆ ಎಷ್ಟು ಮರ್ಯಾದಿ ಕೊಟ್ಟಾರ! ನಮ್ಮ ಗುಂಡು ಮಣ್ಣಾಗ ಹೊಳ್ಳಾಡತೈತಿ," ಅಂದ್ರು. ಹೌದ್ರಿ ಅಂದೆ. ಮಾತು ಅಲ್ಲಿಗೆ ಮುಗೀತು ಅಂದ್ಕೊಂಡೆ.

ಆ ಗುಂಡಿನ ಸುದ್ದಿ ಹೇಳಬೇಕು. ಶಿರಹಟ್ಟಿಯಾಗ ನಮ್ಮ ಅಕ್ಕನ್ನ ಕೊಟ್ಟ ಓಣಿಯಾಗ ಮದುಮಗ ಅರಿಷಿಣ ಹಚ್ಚಿಸಿಕೊಳ್ಳೂಕಿಂತ ಮೊದಲ ಗರಡಿಮನಿಗೆ ಹೋಗಿ ಗುಂಡು ಹೆಗಲಿಗೆ ಏರಸಬೇಕು. ಹಿಂದೂ ಇರಲಿ, ಮುಸಲ್ಮಾನ ಇರಲಿ, ಎಲ್ಲಾರ ಮನಿ ಗಂಡಸರೂ ಎತ್ತಿದವರ. ಮಾಮಾ, ಅಂದ್ರ ಅಕ್ಕನ ಗಂಡ, ಎತ್ತಿದ್ದ. ಅವನ ಅಪ್ಪ ಎತ್ತಿದ್ದ. ಈಗ ಅಕ್ಕನ ಮಗ, ನನ್ನ ಅಳಿಯನ ಪಾಳಿ. ಅಳಿಯ ಸಣಕಲ. ಲಗ್ನ ಗೊತ್ತಾದಾಗಿಂದ ದಿನಾ ಗರಡಿಯಾಗ ಬೆವರು ಸುರಿಸಿದ. ಎದಿ ತನಕ ಬಂತು, ಹೆಗಲಿಗೆ ಮಾತ್ರ ಬರವಲ್ದು. "ಅರಿಷಿಣದ ದಿನ ತಾನ ಬರತೈತಿ ಬಿಡು," ಅಂತಿದ್ದ ಮಾಮಾ.

ಲಗ್ನದ ಹಿಂದಿನ ವಾರ ಸಮಿತಿಯವರು, ತೊಳದು ಬಣ್ಣಾ ಹಚ್ಚಿ ಕೊಡ್ತೇವಿ ಅಂತ ಗುಂಡು ಒಯ್ದ್ರು.

ಅರಿಷಿಣದ ದಿನ ಕ್ಯಾಮೆರಾ ತಗೊಂಡು ಹೋಗಿ ನೋಡ್ತೇನಿ, ಗರಡಿಮನಿ ಮುಂದ ಗ್ರಾನೈಟ್ ಪೀಠ! ಮ್ಯಾಲ ಗುಂಡು, ಅದಕ್ಕ ಬಂಗಾರದ ಬಣ್ಣ, ಬುಡಕ್ಕ ಸಿಮೆಂಟು, ಕೆಳಗ ಅಧ್ಯಕ್ಷರ ಹೆಸರು. ಬಣ್ಣ ಇನ್ನೂ ಆರಿದ್ದಿಲ್ಲ. ಥೂ! ಎತ್ತೋ ಕಲ್ಲನ್ನ ಎತ್ತಾಕ ಬರದಂಗ ಮಾಡಿ ಮರ್ಯಾದಿ ಅಂತಾರಲ್ಲ, ಇವರ ಬುದ್ಧಿಗೆ ಬೆಂಕಿ ಹಚ್ಚ! ಸ್ಪೇನಿನವರು ಸುಮ್ನ ಕಟ್ಟಿ ಮ್ಯಾಲ ಇಟ್ಟಿದ್ರು, ಮರುದಿನ ಇಳಿಸಿ ಮತ್ತ ಎತ್ತಾಕ. ಇವರು ಗೋರಿ ಕಟ್ಟಿದ್ರು.

ಅಧ್ಯಕ್ಷರು ಶಾಲು ಹೊತ್ತು ಅಲ್ಲೇ ನಿಂತಿದ್ರು. "ಸುಮ್ನ ತಬ್ಬಿಕೊಂಡು ನಿಂದ್ರಪಾ," ಅಂತ ಅಳಿಯಗ ಅಂದ್ರು. "ಫೋಟೋದಾಗ ಎತ್ತಿದಂಗ ಕಾಣ್ತೈತಿ. ಹೌದಿಲ್ರಿ ಫೋಟೋಗ್ರಾಫರ್?"

ಮಾಮಾ ಮನಿಗೆ ಹೋಗಿ ಕಬ್ಬಿಣದ ಹಾರಿ ತಂದ, ಯಾರು ಏನಂದ್ರೂ ಕೇಳದ ಸಿಮೆಂಟಿಗೆ ಬಡದ. ಸಿಮೆಂಟು ಬಿಡ್ತು. ಹಾರಿ ಹಾಕಿ ಮೀಟಿದ ಕೂಡ್ಲೆ ಗುಂಡು ಎರಡು ಹೋಳಾಗಿ ಕೆಳಗ ಬಿತ್ತು. ಪೀಠದ ನಡುವ ಒಂದು ಕಬ್ಬಿಣದ ಸಳಿ ಉಳೀತು. ಗಟ್ಟಿ ಕುಂಡ್ರಲಿ ಅಂತ ಪುಣ್ಯಾತ್ಮರು ಕಲ್ಲಿನ ಹೊಟ್ಟಿಗೇ ತೂತು ಹೊಡದು ಅದನ್ನ ಹೆಟ್ಟಿದ್ರು.

"ಏನೂ ಆಗಿಲ್ರಿ," ಅಂದ್ರು ಅಧ್ಯಕ್ಷರು. "ಸಿಮೆಂಟ್ ಹಚ್ಚಿ ಕೂಡಿಸಿ ಬಣ್ಣಾ ಬಳದ್ರ ಆತು. ಗೊತ್ತಾಗಂಗಿಲ್ಲ." ಮುಂದ ಹಂಗ ಮಾಡಿದ್ರು ಸೈತ.

ಅಕ್ಕ ಅರಿಷಿಣದ ಬಟ್ಟಲಾ ಹಿಡಕೊಂಡು ನಿಂತಿದ್ಲು. ಅಳಿಯ ಬಗ್ಗಿ ಒಂದು ಹೋಳಿಗೆ ಕೈ ಹಚ್ಚಿದ. ಅದು ಹಗೂರಕ ಹೆಗಲಿಗೆ ಬಂತು. ಅಧ್ಯಕ್ಷರು ಒಬ್ಬರೇ ಚಪ್ಪಾಳಿ ಬಡದ್ರು. ನಾ ಕ್ಯಾಮೆರಾ ಎತ್ತಲಿಲ್ಲ.

"ಇಳಸೋ ಮಗನ," ಅಂದ ಮಾಮಾ. "ನಾವು ಎತ್ತಿದ್ದು ಇದಲ್ಲ."

ಅಳಿಯ ಇಳಿಸಿದ. ಹೆಗಲಿಗೆ ಮೆತ್ತಿದ ಬಂಗಾರದ ಬಣ್ಣ ಎಷ್ಟು ತಿಕ್ಕಿದ್ರೂ ಹೋಗಲಿಲ್ಲ. ಅಕ್ಕ ಅದರ ಮ್ಯಾಲನ ಅರಿಷಿಣ ಹಚ್ಚಿದ್ಲು.