ಆನೆಕಿವಿ ಫ್ಯಾನು

ದೊವಾನ್ ಥಿ ನ್ಯಾನ್, ತೀರಿಕೊಂಡಾಗ ಎಪ್ಪತ್ತೊಂಬತ್ತು ವರ್ಷ. ಹೈಫಾಂಗ್ ಬಂದರಿನ ಬಾಂಗ್‌ನ ಹೆಂಡತಿ, ಖುವೆಯ ತಾಯಿ, ಲುವಾಳ ಅತ್ತೆ. ಎನಾಮಲ್ ತಟ್ಟೆಗಳ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತವಳು. ಸೆಕೆಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಸೋವಿಯತ್ ದೇಶದಲ್ಲಿ ನಾಲ್ಕು ವರ್ಷ ದುಡಿದ ಬಾಂಗ್ ೧೯೮೫ರಲ್ಲಿ ಹೊತ್ತು ತಂದದ್ದು ಒಂದು ಆನೆಕಿವಿ ಫ್ಯಾನು: ಜಾಲರಿಯಿಲ್ಲ, ಮೂರೇ ಮೂರು ರಬ್ಬರಿನ ರೆಕ್ಕೆ. ಅವನು ತೀರಿಕೊಂಡ ಮೇಲೂ ಅವನ ಪ್ರತಿ ತಿಥಿಯಂದು ಅದು ಹಿರಿಯರ ಪೀಠದ ಎದುರು ತಿರುಗುತ್ತಿತ್ತು. ಸೊಸೆ ಕೊಂಡ ಹೊಸ ಫ್ಯಾನುಗಳು ಎರಡೆರಡು ಬೇಸಿಗೆಗೇ ಸೋತು ಮೂಲೆ ಸೇರಿದಾಗಲೆಲ್ಲ ನ್ಯಾನ್ ಬೀದಿಗೆ ಕೇಳುವಂತೆ ಹೇಳುತ್ತಿದ್ದಳು:

"ನನ್ನದು ಒಂದು ದಿನಾನೂ ನಿಂತಿಲ್ಲ. ನಿಂತ್ರೆ ನಾನೇ ಗುಜರಿಯವಳಿಗೆ ಎತ್ತಿ ಕೊಡ್ತೀನಿ."

ಅವಳ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ತಿಥಿಯ ಬೆಳಿಗ್ಗೆ, ಫ್ಯಾನು ಗುಂಯ್ ಎಂದಿತು, ತಿರುಗಲಿಲ್ಲ. ಮಾಂಸ, ಅಣಬೆ ತುಂಬಿ ಸುರುಳಿ ಸುತ್ತುತ್ತಿದ್ದ ಲುವಾ ಅಡುಗೆಮನೆಯಿಂದ ಬಂದು ನೋಡಿದರೆ, ಅತ್ತೆ ಅದರ ಹೊಟ್ಟೆ ಬಿಚ್ಚಿ ನೆಲದ ಮೇಲೆ ಕುಳಿತಿದ್ದಳು. ಪಕ್ಕದ ಬಿಸ್ಕತ್ತಿನ ಡಬ್ಬಿಯ ತುಂಬ ಅಂಥವೇ ಫ್ಯಾನುಗಳ ಬಿಡಿಭಾಗಗಳು.

"ಅತ್ತೆ, ಇವೆಲ್ಲ ಎಲ್ಲಿಂದ ಬಂದ್ವು?"

"ಗುಜರಿಯವಳ ಹತ್ರ ಕೊಂಡಿದ್ದು. ಆರು ಫ್ಯಾನಿಂದು."

"ಅಂದ್ರೆ ಬೀದೀಲಿ ಸತ್ತಿದ್ದೆಲ್ಲ ಇದರ ಹೊಟ್ಟೇಲಿದೆ! ಒಂದು ದಿನಾನೂ ನಿಂತಿಲ್ಲ ಅಂತಿದ್ರಿ?"

"ನಿಲ್ತಿತ್ತು. ನೀವೆಲ್ಲ ಏಳೋದ್ರೊಳಗೆ ತಿರುಗ್ತಿತ್ತು."

"ನಾನೇನೋ ಹಳೇದು ಗಟ್ಟಿ ಅಂದ್ಕೊಂಡಿದ್ದೆ!"

"ನಿನ್ನ ಹೊಸದನ್ನ ಬಿಚ್ಚಿ ತೋರ್ಸು, ನೋಡೋಣ. ಒಂದು ಸ್ಕ್ರೂ ಆದ್ರೂ ಸಿಗುತ್ತಾ? ಹಳೇವು ಒಳಗೆ ಕೈ ಹಾಕೋಕೆ ಬಿಡ್ತವೆ. ಅದಕ್ಕೇ ಬದುಕ್ತವೆ."

ಆದರೆ ಈ ಸಲ ಅದು ನಿಂತದ್ದನ್ನು ಸೊಸೆ ಕಂಡಾಗಿತ್ತು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ನ್ಯಾನ್. ಗಂಡ ತಂದ ವಸ್ತುವನ್ನು ಅವನನ್ನು ಕೇಳದೆ ಹೊರಹಾಕುವವಳೂ ಅಲ್ಲ. ಕೈ ತೊಳೆದು, ಊದುಬತ್ತಿ ಹಚ್ಚಿ, ಅವನ ಪಟದ ಮುಂದಿನ ತಟ್ಟೆಗೆ ಎರಡು ನಾಣ್ಯ ಚಿಮ್ಮಿದಳು.

"ಗುಜರಿಗೆ ಕೊಟ್ಟುಬಿಡ್ಲಾ?"

ಒಂದು ಮುಖ, ಒಂದು ಬೆನ್ನು ಬಿದ್ದರೆ ಸತ್ತವರು ಒಪ್ಪಿದಂತೆ; ಎರಡೂ ಮುಖವೇ ಬಿದ್ದರೆ ನಕ್ಕು ತಳ್ಳಿಹಾಕಿದಂತೆ. ನಾಣ್ಯಗಳು ಹಾಗೆಯೇ ಬಿದ್ದವು. ನ್ಯಾನ್ ಕನ್ನಡಕ ಏರಿಸುವಷ್ಟರಲ್ಲಿ ಲುವಾಳ ಬೆರಳು ಒಂದನ್ನು ಮಗುಚಿ ಹಾಕಿತ್ತು.

"ಎರಡೂ ಮುಖ! ಒಪ್ಪಲಿಲ್ಲ ಅತ್ತೆ. ಮಾವ ನಕ್ಕುಬಿಟ್ರು."

ಒಂದು ನಾಣ್ಯಕ್ಕೆ ಕೊಚ್ಚಿದ ಅಣಬೆಯ ಚೂರು ಅಂಟಿತ್ತು. ನ್ಯಾನ್ ಅದನ್ನು ಬಹಳ ಹೊತ್ತು ನೋಡಿದಳು.

"ನಿಮ್ಮ ಮಾವನಿಗೆ ಅಣಬೆ ಅಂದ್ರೆ ಪ್ರಾಣ," ಎಂದು ಚೂರನ್ನು ಒರೆಸಿ, ಸ್ಕ್ರೂಡ್ರೈವರನ್ನು ಸೊಸೆಯ ಕೈಗಿಟ್ಟಳು. "ಹಿಡಿ. ಈ ಸಲ ನೀನೇ ಜೋಡಿಸು. ಬಲಗಡೆಯಿಂದ ಶುರು ಮಾಡು, ಕತ್ತೆ."

ನೆಂಟರು ಊಟಕ್ಕೆ ಕುಳಿತಾಗ ಫ್ಯಾನು ತಿರುಗುತ್ತಿತ್ತು.

ನ್ಯಾನ್ ಬಿಟ್ಟುಹೋದದ್ದು: ತಿರುಗುವ ಫ್ಯಾನು ಒಂದು. ಬಿಸ್ಕತ್ತಿನ ಡಬ್ಬಿಯಲ್ಲಿ ಸುಮಾರು ಎರಡೂವರೆ ಫ್ಯಾನಿಗಾಗುವಷ್ಟು ಬಿಡಿಭಾಗ. ಹೊಲಿಗೆಯಂತ್ರದ ಎಣ್ಣೆ, ಅರ್ಧ ಸೀಸೆ. ಚಕ್ಕೆಯೆದ್ದ ಎನಾಮಲ್ ತಟ್ಟೆ, ಅದರಲ್ಲಿ ಎರಡು ನಾಣ್ಯ. ಹಿಡಿ ಸವೆದ ಸ್ಕ್ರೂಡ್ರೈವರ್. ಅದೀಗ ಲುವಾಳ ಅಡುಗೆಮನೆಯಲ್ಲಿ, ಚಮಚಗಳ ಜೊತೆಗಿದೆ.